ಗಾಳದ ರೀಲಿನ ಗೋಜಲು

ಮೀನು ಹಿಡಿಯುವುದೂ ಶಾಲೆಯ ಆಟಗಳಲ್ಲಿ ಒಂದು ಎಂದರೆ ಇಲ್ಲಿನ ತಂದೆತಾಯಂದಿರು ನಕ್ಕಾರು. ಕೆರೆ ದಂಡೆಯಲ್ಲಿ ಗಾಳ ಹಾಕಿ ಕುಳಿತ ಹುಡುಗ ಶಾಲೆಗೆ ಚಕ್ಕರ್ ಹೊಡೆದವನೆಂದೇ ಲೆಕ್ಕ. ಆದರೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2009ರಲ್ಲಿ, ಕೆಂಟಕಿಯಲ್ಲಿ 2013ರಲ್ಲಿ ಪ್ರೌಢಶಾಲೆಗಳಿಗಾಗಿ ಬ್ಯಾಸ್ ಮೀನಿನ ರಾಜ್ಯಮಟ್ಟದ ಪಂದ್ಯಗಳೇ ಆರಂಭವಾದವು. ದೋಣಿಯೊಂದರಲ್ಲಿ ಇಬ್ಬರು ವಿದ್ಯಾರ್ಥಿಗಳು, ನಡೆಸಲು ಒಬ್ಬ ಹಿರಿಯ. ಹಿಡಿದ ಮೀನನ್ನು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು, ತೂಕ ಹಾಕಿಸಿ, ಮತ್ತೆ ನೀರಿಗೆ ಬಿಡುತ್ತಾರೆ. ರೇ ಸ್ಕಾಟ್ ಎಂಬಾತ ತನ್ನ ಪಂದ್ಯಗಳಲ್ಲಿ 1972ರಲ್ಲಿ ತಂದ ಪದ್ಧತಿ ಇದು.

ಕೆಂಟಕಿಯ ಲೆಕ್ಸಿಂಗ್ಟನ್ನಿನ ಒಂದು ಕನ್ನಡ ಮನೆಗೆ ಈ ಹುಚ್ಚು ಹೊಕ್ಕಿತು. ಮೊಟ್ಟೆಯೂ ಬೇಯದ ಮನೆ ಅದು. ಹತ್ತನೆಯ ತರಗತಿಯ ಮಗ ತಾನು ಮೀನಿನ ತಂಡ ಸೇರಿದೆನೆಂದಾಗ ಇಂಜಿನಿಯರ್ ಅಪ್ಪ ಕೇಳಿದ್ದು ಒಂದೇ ಮಾತು: "ಗಣಿತದ ಟೆಸ್ಟ್ ಯಾವಾಗ?" ಹಾಸನದಿಂದ ಅಜ್ಜಿ ಫೋನಿನಲ್ಲಿ ಇನ್ನೊಂದು ಕೇಳಿದರು: "ಅಲ್ಲ ಕಣೋ, ಬಿಡೋದೇ ಆದ್ರೆ ಹಿಡಿಯೋದ್ಯಾಕೋ?" ಅಪ್ಪನ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿತ್ತು, ಅಜ್ಜಿಯದಕ್ಕೆ ಇರಲಿಲ್ಲ. ಅದಕ್ಕೆ ಉತ್ತರ ಹೇಳುವುದು ದೊಡ್ಡವರಿಗೂ ಸುಲಭವಲ್ಲ ಬಿಡಿ. ಕೊನೆಗೆ ಒಂದು ಕರಾರಾಯಿತು. ಅಂಕ ಇಳಿದರೆ ಗಾಳ ಅಟ್ಟಕ್ಕೆ.

ಆರು ತಿಂಗಳು ಸಾದಾ ರೀಲಿನಲ್ಲಿ ಕಳೆಯಿತು. ಜೊಂಡಿನೊಳಗೆ ಅಡಗುವ ದೊಡ್ಡ ಬ್ಯಾಸ್ ಬೇಕೆಂದರೆ ದಪ್ಪ ದಾರ, ಭಾರದ ಎರೆ, ಅದಕ್ಕೆ ತಕ್ಕ ಬೇಟ್‌ಕಾಸ್ಟಿಂಗ್ ರೀಲು ಬೇಕೆಂದು ತರಬೇತುದಾರರು ಹೇಳಿದರು. ಅಕ್ಕಪಕ್ಕದವರ ಹುಲ್ಲು ಕತ್ತರಿಸಿ ಕೂಡಿಟ್ಟ ಹಣದಲ್ಲಿ ಹುಡುಗ ಸೆಕೆಂಡ್‌ಹ್ಯಾಂಡ್ ರೀಲೊಂದನ್ನು ತಂದ. ಆ ರೀಲಿನ ವಂಶ ಅದೇ ಸೀಮೆಯದು. ಲೆಕ್ಸಿಂಗ್ಟನ್ನಿಗೆ ಹತ್ತಿರದ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ರಿಪೇರಿಯವನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಾಡಿದ ಕೆಂಟಕಿ ರೀಲೇ ಇದರ ಅಜ್ಜ.

ಮೊದಲ ಎಸೆತಕ್ಕೇ ದಾರ ರೀಲಿನೊಳಗೆ ಉಂಡೆಗಟ್ಟಿತು. ಅಮೆರಿಕದವರು ಇದನ್ನು 'ಹಕ್ಕಿಗೂಡು' ಎನ್ನುತ್ತಾರೆ. ಸಾದಾ ರೀಲಿನಲ್ಲಿ ಎಸೆಯುವಾಗ ದಾರದ ಉರುಳೆ ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಇದರಲ್ಲಿ ಉರುಳೆಯೇ ಗಿರ್ರನೆ ತಿರುಗಬೇಕು. ಎರೆ ಗಾಳಿಯಲ್ಲಿ ನಿಧಾನವಾದರೂ ಉರುಳೆ ತನ್ನ ಜಡತ್ವದಿಂದ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಹೊರಗೆ ಹೋಗಲಾರದ ದಾರ ಒಳಗೇ ಸಿಕ್ಕಾಗುತ್ತದೆ. ಆಷಾಢದ ಗಾಳಿಯಲ್ಲಿ ಪಟ ಹಾರಿಸಿದ ಅಪ್ಪನಿಗೆ ಈ ಸಿಕ್ಕು ಹೊಸದಾಗಿರಲಿಲ್ಲ. "ಕತ್ತರಿ ತರಬೇಡ" ಎಂದರು.

ಬಿಡಿಸುವ ಉಪಾಯವನ್ನು ತರಬೇತುದಾರರು ತೋರಿಸಿಕೊಟ್ಟರು. ಸಿಕ್ಕಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿಯನ್ನು ನಾಲ್ಕೈದು ಸುತ್ತು ತಿರುಗಿಸಿ, ಆಮೇಲೆ ದಾರವನ್ನು ಮೆಲ್ಲಗೆ ಎಳೆಯುವುದು. ಎರಡು ಮೂರು ಸಲ ಹೀಗೆ ಮಾಡಿದರೆ ಅರ್ಧಕ್ಕರ್ಧ ಗೂಡುಗಳು ಬಿಚ್ಚಿಕೊಳ್ಳುತ್ತವೆ. ಗೂಡು ಕಟ್ಟದಂತೆ ತಡೆಯಲು ಹಿಡಿಯ ಪಕ್ಕದಲ್ಲಿ ಒಂದು ಗುಂಡಿ ಇದೆ. ಎರೆಯನ್ನು ತೂಗಬಿಟ್ಟರೆ ಅದು ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಷ್ಟು ಅದನ್ನು ಬಿಗಿ ಮಾಡಬೇಕು. ಇನ್ನೊಂದು ಪಕ್ಕದ ಬ್ರೇಕನ್ನು ಕಲಿಯುವಾಗ ಪೂರ್ತಿ ಹಾಕಿಡಬೇಕು. ಉರುಳೆಯ ಅಂಚಿನವರೆಗೂ ದಾರ ತುಂಬಬಾರದು. ತೀರ ಹಗುರಾದ ಎರೆ ಬೇಡ, ಹದಿನಾಲ್ಕು ಗ್ರಾಮಿನದು ಒಳ್ಳೆಯದು. ಇಷ್ಟಾದರೂ ಕೊನೆಯ ಬ್ರೇಕು ಹೆಬ್ಬೆರಳೇ. ಎರೆ ನೀರು ಮುಟ್ಟುವ ಮೊದಲೇ ಅದು ಉರುಳೆಯನ್ನು ಹಿಡಿದು ನಿಲ್ಲಿಸಬೇಕು. ಹುಡುಗ ಕೊಕ್ಕೆಯಿಲ್ಲದ ತೂಕ ಕಟ್ಟಿ, ಹಿತ್ತಲಲ್ಲಿ ಬಕೆಟ್ಟಿಟ್ಟು ಮೂರು ವಾರ ಎಸೆದ. ನಾಲ್ಕನೆಯ ವಾರದಲ್ಲಿ ಬಕೆಟ್ಟು ಸದ್ದು ಮಾಡತೊಡಗಿತು.

ಏಪ್ರಿಲ್‌ನ ಪಂದ್ಯದಲ್ಲಿ ಬೇರೆಯದೇ ಎಡವಟ್ಟಾಯಿತು. ಜೊಂಡಿನಲ್ಲಿ ದೊಡ್ಡ ಮೀನು ಕಚ್ಚಿತು. ಹುಡುಗ ಹಿಡಿ ತಿರುಗಿಸಿದ, ದಾರ ಒಳಗೆ ಬರಲೇ ಇಲ್ಲ, ಬದಲಿಗೆ ಹೊರಗೇ ಹರಿಯಿತು. ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ತುಸು ಬಿಟ್ಟುಕೊಡುವ ಏರ್ಪಾಡು ರೀಲಿನಲ್ಲಿದೆ, ಅದನ್ನು ಡ್ರ್ಯಾಗ್ ಎನ್ನುತ್ತಾರೆ. ಅದನ್ನು ಪೂರ್ತಿ ಬಿಗಿ ಮಾಡಿದರೂ ಪ್ರಯೋಜನವಾಗಲಿಲ್ಲ. ಮೀನು ಹೋಯಿತು. ಜೊತೆಗಾರ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಹಳೆಯ ರೀಲು ಮಾರಿದವನು ಮೋಸ ಮಾಡಿದ, ಹೊಸದು ಬೇಕೇ ಬೇಕು ಎಂದು ಹುಡುಗ ಹಟ ಹಿಡಿದ. ಅದೇ ವಾರ ಗಣಿತದ ಅಂಕವೂ ಇಳಿದಿತ್ತು. ಅಮ್ಮ ಉತ್ತರಪತ್ರಿಕೆಯನ್ನು ರೀಲಿನ ಪಕ್ಕದಲ್ಲೇ ಇಟ್ಟರು. ಅಪ್ಪ ಎರಡನ್ನೂ ನೋಡಿ, "ಮೊದಲು ಇದು ಯಾಕೆ ಕೆಟ್ಟಿತು ನೋಡೋಣ. ಆಮೇಲೆ ಅಟ್ಟ" ಎಂದರು. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಎರಡು ರಾತ್ರಿ ಬಿಚ್ಚಿ ಜೋಡಿಸಿದರು. ಡ್ರ್ಯಾಗಿನ ವಾಷರುಗಳು ಸರಿಯಿದ್ದವು, ಹಲ್ಲುಗಾಲಿಗಳೂ ಸರಿಯಿದ್ದವು. ಮೂರನೆಯ ರಾತ್ರಿ ಅಪ್ಪ ತಮ್ಮ ಕಾರ್ಖಾನೆಯ ಹಳೆಯ ಪ್ರಶ್ನೆ ಕೇಳಿದರು: "ಹಿಂದಿನ ತಿಂಗಳು ಚೆನ್ನಾಗಿತ್ತಲ್ಲ, ಆಮೇಲೆ ಏನು ಬದಲಾಯಿತು?"

ದಾರ ಬದಲಾಗಿತ್ತು. ನೈಲಾನ್ ತೆಗೆದು, ಜೊಂಡನ್ನು ಸೀಳುವ ಹೆಣೆದ ದಾರವನ್ನು ಹುಡುಗನೇ ಸುತ್ತಿದ್ದ. ಅಪ್ಪ ಉರುಳೆಯ ಅಂಚಿಗೊಂದು, ದಾರಕ್ಕೊಂದು ಮಾರ್ಕರ್ ಪೆನ್ನಿನ ಚುಕ್ಕೆ ಇಟ್ಟು, ದಾರವನ್ನು ಬಟ್ಟೆಗೆ ಸುತ್ತಿಕೊಂಡು ಎಳೆದರು. ಅಂಚಿನ ಚುಕ್ಕೆ ಕದಲಲಿಲ್ಲ, ದಾರದ ಚುಕ್ಕೆ ಮುಂದೆ ಸರಿಯಿತು. ನುಣುಪಾದ ಲೋಹದ ಮೇಲೆ ಹೆಣೆದ ದಾರ ಕಚ್ಚಿ ಕೂರದೆ ಸುತ್ತಿಗೆ ಸುತ್ತೇ ಜಾರುತ್ತಿತ್ತು. ತಳದಲ್ಲಿ ಹತ್ತು ಸುತ್ತು ಹಳೆಯ ನೈಲಾನ್ ಸುತ್ತಿ, ಅದಕ್ಕೆ ಹೊಸ ದಾರ ಗಂಟು ಹಾಕಿದರು. ಪೈಸೆ ಖರ್ಚಿಲ್ಲ.

ರಿಪೇರಿಯಾದ ರೀಲು ಮರುದಿನ ಅಟ್ಟಕ್ಕೆ ಹೋಯಿತು. ಮುಂದಿನ ಪಂದ್ಯಕ್ಕೆ ಜೊತೆಗಾರ ಬೇರೊಬ್ಬನೊಡನೆ ಹೋದ. ಹುಡುಗ ಆ ಶನಿವಾರ ಮನೆಯಲ್ಲಿ ಕೂತು ತಪ್ಪಾದ ಲೆಕ್ಕಗಳನ್ನು ಮತ್ತೆ ಮಾಡಿದ. ಐದು ವಾರದ ಮೇಲೆ ಅಂಕ ಏರಿತು, ರೀಲು ಇಳಿಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ತಂಡದವರ ಕೆಟ್ಟ ರೀಲುಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಮನೆಗೆ ಬರತೊಡಗಿದವು. ಸಾರು ಬಡಿಸುವ ಹೊತ್ತಿಗೆ ಮೇಜು ಖಾಲಿಯಿರಬೇಕು ಎಂದಷ್ಟೇ ಅಮ್ಮ ಹೇಳಿದ್ದಾರೆ.