ಗೋಡೆಯ ಮೇಲಿನ ಹೊಲ

ಮನೆಯ ಬರಿಗೋಡೆಗೆ ಚಿತ್ರವೊಂದು ಬೇಕೆಂದು ಪೇಟೆಗೆ ಹೋದೆವು. ಅಂಗಡಿಯವನು ಹೆಸರಾಂತ ಚಿತ್ರಗಳ ಅಕ್ರಿಲಿಕ್ ನಕಲುಗಳನ್ನು ಹರಡಿದ. ಇಂಗ್ಲೆಂಡಿನ ಕಾನ್‌ಸ್ಟೇಬಲ್ 1821ರಲ್ಲಿ ಬರೆದ ‘ಹೇ ವೇನ್’: ಹೊಳೆ, ಗಾಡಿ, ಅಗಲ ಆಕಾಶ. ಹುಲ್ಲು ಕೊಯ್ಯುವವರು ಮಾತ್ರ ದೂರದಲ್ಲಿ ಇರುವೆಯಷ್ಟು. ಆ ಚೆಲುವು ನಮಗೆ ಬೇಡವಾಯಿತು.

ಫ್ರಾನ್ಸಿನ ಮಿಲೆ 1857ರಲ್ಲಿ ಬರೆದದ್ದು ಬೇರೆ. ಕೊಯ್ದ ಹೊಲದಲ್ಲಿ ಬಗ್ಗಿ ಹಕ್ಕಲು ಆಯುವ ಮೂವರು ಹೆಂಗಸರೇ ಎದುರಿಗೆ. ಬಣವೆಗಳೂ ಕುದುರೆ ಮೇಲಿನ ಮೇಸ್ತ್ರಿಯೂ ದೂರದಲ್ಲಿ ಚುಕ್ಕಿ. ಅದನ್ನೇ ತಂದೆವು.

ಅವ್ವ ನೋಡಿ, “ನಾವೂ ಹಿಂಗೇ ಆಯ್ತಿದ್ದೋ ಕಣ್ರಪ್ಪ. ಗೌಡ ಮಾತ್ರ ಇಷ್ಟು ಸಣ್ಣಗೆ ಕಾಣ್ತಿರ್ಲಿಲ್ಲ” ಅಂದಳು.

ಬಾಬಾಸಾಹೇಬರ ಪಟದ ಪಕ್ಕದಲ್ಲೇ ಮೊಳೆ ಹೊಡೆದೆವು. ಯಾರು ದೊಡ್ಡವರಾಗಿ ಕಾಣಬೇಕು ಅನ್ನೋದು ಕುಂಚ ಹಿಡಿದವರ ಕೈಲಿದೆ. ಆ ಕುಂಚ ಇನ್ನು ನಮ್ಮ ಕೈಗೂ ಬರಬೇಕು.