ಗಾಳಿದೇವರು ಕಿತ್ತೆಸೆದ ಕಣ್ಣುಗಳು

ನ್ಯೂಜಿಲೆಂಡಿನಲ್ಲಿ ಜೂನ್ ಎಂದರೆ ನಡುಚಳಿಗಾಲ. ನಸುಕಿನ ಕತ್ತಲಲ್ಲಿ ವೆಲ್ಲಿಂಗ್ಟನ್ನಿನ ಮೌಂಟ್ ವಿಕ್ಟೋರಿಯಾ ಗುಡ್ಡ ಹತ್ತುವಾಗ ಗಾಳಿ ಕೊರಳಿನ ಮಫ್ಲರನ್ನೇ ಕಸಿಯುವಂತಿತ್ತು. ಮೇಲೆ ಆಗಲೇ ಜನ ನೆರೆದಿದ್ದರು: ಕಂಬಳಿ ಹೊದ್ದ ಅಜ್ಜಿಯರು, ನಿದ್ದೆಗಣ್ಣಿನ ಮಕ್ಕಳು. ಎಲ್ಲರೂ ಕಾಯುತ್ತಿದ್ದುದು ಮಾವೋರಿಗಳ ಹೊಸ ವರ್ಷ ತರುವ ಮತಾರಿಕಿ ನಕ್ಷತ್ರಪುಂಜಕ್ಕೆ. 2022ರಿಂದ ಇದಕ್ಕೆ ಇಡೀ ದೇಶಕ್ಕೇ ರಜೆ.

ಹುಡುಕುವ ದಾರಿಯನ್ನು ಪಕ್ಕದ ಹೆಂಗಸೊಬ್ಬರು ಹೇಳಿಕೊಟ್ಟರು. ಪೂರ್ವದಲ್ಲಿ ಮೊದಲು 'ಪಾತ್ರೆ' ಹಿಡಿಯಬೇಕು. ನೋಡಿದರೆ ಅದು ನಮ್ಮ ಮಹಾವ್ಯಾಧನ ಸೊಂಟಪಟ್ಟಿ ಮತ್ತು ಕತ್ತಿ! ಅಲ್ಲಿಂದ ಎಡಕ್ಕೆ ಕೆಂಪನೆಯ ರೋಹಿಣಿ, ಇನ್ನೂ ಎಡಕ್ಕೆ ಹೋದರೆ ಒತ್ತೊತ್ತಾಗಿ ಮಿನುಗುವ ಕೃತ್ತಿಕೆ. ಅದೇ ಮತಾರಿಕಿ.

ಹೆಸರಿನ ಅರ್ಥ ಕೇಳಿದ್ದೇ ತಡ, ಹುಡುಗಿಯೊಬ್ಬಳು 'ಪುಟ್ಟ ಕಣ್ಣುಗಳು' ಅಂದಳು. ಹೆಂಗಸು ಒಪ್ಪಲಿಲ್ಲ. ಅದು 'ದೇವರ ಕಣ್ಣುಗಳು' ಎಂಬುದರ ಮೊಟಕು ರೂಪವಂತೆ. ಆಕಾಶತಂದೆ ರಂಗಿನುಯಿ, ಭೂತಾಯಿ ಪಾಪಾತುವಾನುಕು ಬಿಗಿದಪ್ಪಿ ಮಲಗಿದ್ದರು. ನಡುವಿನ ಕತ್ತಲಿಗೆ ಬೇಸತ್ತ ಮಕ್ಕಳು ಇಬ್ಬರನ್ನೂ ಬೇರ್ಪಡಿಸಿದರು. ಗಾಳಿದೇವರು ತಾಫಿರಿಮಾತೇಯನಿಗೆ ಸಿಟ್ಟು ತಡೆಯದಾಯಿತು. ತನ್ನ ಕಣ್ಣುಗಳನ್ನೇ ಕಿತ್ತು, ಹಿಸುಕಿ, ತಂದೆಯ ಎದೆಗೆ ಎಸೆದ. ಕುರುಡನಾದ ಅವನು ಅಂದಿನಿಂದ ದಿಕ್ಕುದೆಸೆಯಿಲ್ಲದೆ ಬೀಸುತ್ತಾನೆ. ಆ ಗುಡ್ಡದ ಮೇಲೆ ನಿಂತವರು ಬೇರೆ ಅರ್ಥವನ್ನು ನಂಬುವುದು ಕಷ್ಟ. ಇನ್ನು ಕೆಲವರಿಗೆ ಮತಾರಿಕಿ ಆರು ಹೆಣ್ಣುಮಕ್ಕಳ ತಾಯಿ. ನಮ್ಮಲ್ಲಿ ಲೆಕ್ಕ ತಿರುಗುಮುರುಗು: ತಾಯಂದಿರು ಆರು, ಮಗ ಷಣ್ಮುಖ ಒಬ್ಬನೇ.

ಅಷ್ಟರಲ್ಲಿ ತಾರೆಗಳಿಗೆ ಎಡೆಯಿಡುವ ವಿಧಿ, ಹೌತಾಪು, ಶುರುವಾಯಿತು. ಗೆಣಸು, ಹಕ್ಕಿಯ ಮಾಂಸ, ಹಾವುಮೀನು, ಕಡಲಮೀನು ಬೇಯಿಸಿದ್ದರು. ಮುಚ್ಚಳ ತೆಗೆದೊಡನೆ ಬಿಳಿ ಹಬೆ ಎದ್ದು ಗಾಳಿಗೆ ಅಡ್ಡಡ್ಡ ಹರಿಯಿತು. ನೈವೇದ್ಯ ಆ ಹಬೆಯೇ. ಗೆಣಸು ಮಣ್ಣಿನ ಬೆಳೆ ಕಾಯುವ ತಾರೆಗೆ, ಹಾವುಮೀನು ಸಿಹಿನೀರಿನ ತಾರೆಗೆ, ಹೀಗೆ ಒಂದೊಂದಕ್ಕೂ ಒಂದೊಂದು ಪಾಲು. ಪೊಹುತುಕಾವ ಎಂಬ ತಾರೆಯ ಕಡೆ ಮುಖಮಾಡಿ, ಕಳೆದ ವರ್ಷ ತೀರಿಕೊಂಡವರ ಹೆಸರುಗಳನ್ನು ಕೂಗಿದರು. ಹೆಂಗಸಿನ ದನಿ ಒಂದು ಹೆಸರಿಗೆ ತಡವರಿಸಿತು.

ಊರಿನ ಕೃತ್ತಿಕೆ ಮಳೆ ಅರ್ಥವಾದದ್ದು ನನಗೆ ಅಲ್ಲಿ. ಮೇ ತಿಂಗಳ ನಡುವೆ ನಮ್ಮ ರೈತರು ಆ ಮಳೆಯ ಲೆಕ್ಕ ಹಾಕುವಾಗ ಸೂರ್ಯ ಇದೇ ಪುಂಜದ ನೆರೆಯಲ್ಲಿರುತ್ತಾನೆ. ಅವನ ಬೆಳಕಿನಲ್ಲಿ ಅದು ಯಾರಿಗೂ ಕಾಣದು. ಅವನು ಮುಂದೆ ಸರಿದ ಮೇಲೆ ನಸುಕಿನಲ್ಲಿ ಮತ್ತೆ ತಲೆಯೆತ್ತುತ್ತದೆ. ನಾವು ಮಳೆಗೆ ಹೆಸರಿಟ್ಟು ಮರೆತ ನಕ್ಷತ್ರವನ್ನು ಇವರು ಚಳಿಯಲ್ಲಿ ನಿಂತು ಕಣ್ಣಾರೆ ನೋಡುತ್ತಾರೆ.

ಇಳಿಯುವಾಗ ಜೊತೆಯಾದ ತಾರಾನಾಕಿಯ ಮುದುಕರೊಬ್ಬರು ಇಷ್ಟಕ್ಕೂ ತಕರಾರು ತೆಗೆದರು. ಅವರ ಪಶ್ಚಿಮ ಸೀಮೆಯಲ್ಲಿ ಮತಾರಿಕಿ ಸರಿಯಾಗಿ ಕಾಣುವುದಿಲ್ಲ; ಹೊಸ ವರ್ಷ ತರುವುದು ಪುವಾಂಗ, ಅಂದರೆ ರಿಗೆಲ್ ನಕ್ಷತ್ರ. "ರಜೆ ಮಾತ್ರ ನಾವೂ ತಗೊಳ್ತೀವಿ" ಎಂದು ನಕ್ಕು, ಬಸ್ಸಿನ ಕಡೆ ಬಿರಬಿರನೆ ನಡೆದರು.