ತಪ್ಪಿರೋ ಪುಸ್ತಕ ಇದೆಯಾ?

ಹಳೇ ಪುಸ್ತಕದ ಅಂಗಡಿಗೆ ಹೋಗಿ, "ಅಚ್ಚಿನ ತಪ್ಪಿರೋ ಕಾದಂಬರಿ ಏನಾದ್ರೂ ಇದೆಯಾ?" ಅಂತ ಕೇಳಿ ನೋಡಿ. ಅಂಗಡಿಯವರು ನಿಮ್ಮನ್ನ ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಹುಬ್ಬಳ್ಳಿಯ ರದ್ದಿ ವ್ಯಾಪಾರಿಯೊಬ್ಬರು, "ತಪ್ಪಿದ್ರ ಹತ್ತು ರೂಪಾಯಿ ಕಡಿಮಿ ಕೊಡ್ರಿ, ಅದಕ್ಯಾಕ ಇಷ್ಟು ಸುತ್ತಿಬಳಸಿ ಕೇಳ್ತೀರಿ" ಅಂದುಬಿಟ್ಟರು. ನಾನೂ ಸುಮ್ಮನೆ ಹತ್ತು ರೂಪಾಯಿ ಕಡಿಮೆ ಕೊಟ್ಟು ಬಂದೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ದಿನವಿಡೀ ಇನ್ನೊಬ್ಬರು ಬರೆದ ಕೋಡ್‌ನಲ್ಲಿ ತಪ್ಪು ಹುಡುಕೋದೇ ಕೆಲಸ. ರಜೆಯಲ್ಲೂ ಅದೇನಾ ಅಂತ ಹೆಂಡತಿ ನಗುತ್ತಾಳೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ದಾಂಡೇಲಿಯ ಮನೆಗೆ ಬಂದಾಗ ಅಜ್ಜನ ಟ್ರಂಕು ತೆಗೆದೆ. ಅದರಲ್ಲಿ ಏಳೆಂಟು ಹಳೇ ಕಾದಂಬರಿಗಳಿದ್ದವು, ಎಲ್ಲವೂ ಮೊದಲನೇ ಮುದ್ರಣ. ಒಂದರಲ್ಲಿ ಹದಿನಾರು ಪುಟ ಎರಡೆರಡು ಸಲ ಇತ್ತು, ಅದರ ಮುಂದಿನ ಹದಿನಾರು ಪುಟ ಮಾಯ. ಬೈಂಡಿಂಗ್ ಮಾಡುವಾಗ ಒಂದೇ ಫಾರಂ ಎರಡು ಸಲ ಸೇರಿಕೊಂಡಿದೆ. ಕಥೆಯಲ್ಲಿ ಏನಾಯ್ತೋ ಗೊತ್ತಾಗದೆ ಎರಡು ದಿನ ಒದ್ದಾಡಿದೆ. ಹುಚ್ಚು ಹಿಡಿದದ್ದು ಅಲ್ಲಿಂದ.

ಇಂಗ್ಲಿಷ್ ಪುಸ್ತಕದ ಲೋಕದಲ್ಲಿ ಇದು ದೊಡ್ಡ ವ್ಯವಹಾರ. ಮಾರ್ಕ್ ಟ್ವೇನ್‌ನ 'ಹಕಲ್‌ಬೆರಿ ಫಿನ್' 1885ರ ಅಮೆರಿಕನ್ ಮುದ್ರಣದ ಮೊದಮೊದಲ ಪ್ರತಿಗಳಲ್ಲಿ, 57ನೇ ಪುಟದಲ್ಲಿ 'ಸಾ' ಅಂತಿರಬೇಕಾದ ಮೂರಕ್ಷರದ ಪದ ಹಿಂದುಮುಂದಾಗಿ 'ವಾಸ್' ಆಗಿದೆ. ಆ ತಪ್ಪಿದ್ದರೆ ಬೆಲೆ ಜಾಸ್ತಿ! 1997ರ ಮೊದಲ 'ಹ್ಯಾರಿ ಪಾಟರ್' ಗಟ್ಟಿ ರಟ್ಟಿನಲ್ಲಿ ಬಂದದ್ದು ಐನೂರೇ ಪ್ರತಿ. ಅದರ 53ನೇ ಪುಟದ ಸಾಮಾನಿನ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿದೆ. ಈಗ ಒಂದೊಂದು ಪ್ರತಿಗೂ ಲಕ್ಷಗಟ್ಟಲೆ ರೂಪಾಯಿ. ನಮ್ಮ ಕನ್ನಡದಲ್ಲಿ ಹತ್ತು ರೂಪಾಯಿ ಡಿಸ್ಕೌಂಟು.

ನನ್ನ ಹತ್ತಿರ ಈಗ ಅರವತ್ತರ ಮೇಲಿವೆ. ಧಾರವಾಡ ನಮಗೆ ಹತ್ತಿರ, ಅದು ಕಾದಂಬರಿಗಳ ಊರು. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕ ಕಳಿಸುತ್ತಿತ್ತು. ಶಾಂತಿನಾಥ ದೇಸಾಯಿಯವರ 'ಮುಕ್ತಿ', ಅನಂತಮೂರ್ತಿಯವರ 'ಸಂಸ್ಕಾರ', ನಮ್ಮ ಜಿಲ್ಲೆಯವರೇ ಆದ ಯಶವಂತ ಚಿತ್ತಾಲರ 'ಶಿಕಾರಿ' ಎಲ್ಲ ಅಲ್ಲಿಂದಲೇ ಬಂದದ್ದು. ಹಾಗಾಗಿ ಹಳಿಯಾಳ, ಮುಂಡಗೋಡದ ಕಡೆಯ ಹಳೇ ಮಾಸ್ತರರ ಮನೆಗಳಲ್ಲಿ ಒಂದು ಕಪಾಟು ಕಾದಂಬರಿ ಇದ್ದೇ ಇರುತ್ತದೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ, ಮನೆ ಮಾರುವಾಗ ಪುಸ್ತಕ ತೂಕಕ್ಕೆ ಹೋಗುತ್ತದೆ. ಜೋಯಿಡಾ ಕಡೆಯಂತೂ ಮಳೆಗೆ ಅರ್ಧ ಪುಸ್ತಕ ಬೂಸ್ಟು ಹಿಡಿದಿರುತ್ತದೆ, ಉಳಿದರ್ಧ ಗೆದ್ದಲಿಗೆ.

ಮೊದಲನೇ ಮುದ್ರಣವೋ ಅಲ್ಲವೋ ಅಂತ ತಿಳಿಯೋಕೆ ಮೊದಲ ಎರಡು ಪುಟ ನೋಡಬೇಕು. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಯಾವ ಪ್ರೆಸ್ಸು ಎಲ್ಲ ಅಲ್ಲೇ ಇರುತ್ತದೆ. ಆ ಪುಟ ಹರಿದುಹೋಗಿದ್ದರೆ ನಾನು ಬೆಲೆ ಹುಡುಕುತ್ತೇನೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಬೆಲೆ ಆಣೆಯಲ್ಲಿದ್ದರೆ ಅದಕ್ಕಿಂತ ಹಳೆಯದು ಅಂತ ಒಂದು ಅಂದಾಜು.

ತಪ್ಪು ಹೇಗಾಗುತ್ತದೆ ಅನ್ನೋದು ನನಗೆ ಅಜ್ಜನಿಂದಲೇ ಗೊತ್ತಿತ್ತು. ಅಜ್ಜ ದಾಂಡೇಲಿ ಕಾಗದ ಕಾರ್ಖಾನೆಗೆ ಸೇರುವ ಮೊದಲು ಧಾರವಾಡದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಇಂಗ್ಲಿಷಿಗಾದರೆ ಅಕ್ಷರ ಕಡಿಮೆ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಖಾನೆ. ಕಂಪೋಸಿಟರ್ ಕಣ್ಣು ಹಸ್ತಪ್ರತಿ ಮೇಲೆ, ಕೈ ಖಾನೆಯಲ್ಲಿ. ಮೊಳೆಯ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ, ಅದನ್ನ ತಲೆಕೆಳಗಾಗಿ ಓದಬೇಕು. ಅಚ್ಚಾದ ಮೇಲೆ ಮೊಳೆ ಬಿಚ್ಚಿ ಮತ್ತೆ ಖಾನೆಗೆ ಹಾಕುವಾಗ ಒಂದು ತಪ್ಪು ಖಾನೆಗೆ ಬಿದ್ದರೆ, ಮುಂದಿನ ಪುಸ್ತಕದಲ್ಲಿ ಅದು ತಪ್ಪಾಗಿ ಮೇಲೇಳುತ್ತದೆ. ಪ್ರೂಫ್ ನೋಡುವವರ ಕಣ್ಣೂ ತಪ್ಪಿದರೆ ಮುಗೀತು. ಅಪ್ಪ ಪೇಪರ್ ಹಿಡಿದು ಕೂತಾಗ ಮೇಜಿನ ಆ ಕಡೆಯಿಂದ ಅಜ್ಜ ತಲೆಕೆಳಗಾದ ಸುದ್ದಿ ಸರಸರ ಓದುತ್ತಿದ್ದ. ಪ್ರೆಸ್ಸು ಯಾಕೆ ಬಿಟ್ಟೆ ಅಂತ ಕೇಳಿದರೆ ಮಾತ್ರ, "ಕಾರ್ಖಾನಿಯೊಳಗ ಪಗಾರ ಛಲೋ ಇತ್ತು" ಅಂತಿದ್ದ, ಅಷ್ಟೇ. 2014ರಲ್ಲಿ, ನಾನು ಎಂಜಿನಿಯರಿಂಗ್ ಓದುತ್ತಿದ್ದಾಗ ತೀರಿಕೊಂಡ.

ಹೋದ ಮಳೆಗಾಲದಲ್ಲಿ ಜೋಯಿಡಾದ ಒಂದು ಹಳ್ಳಿ ಮನೆಯಿಂದ ಒಂದು ಚೀಲ ಪುಸ್ತಕ ತಂದೆ. ಅದರಲ್ಲಿ 1958ರ ಒಂದು ಸಾಮಾಜಿಕ ಕಾದಂಬರಿ. ಹೆಸರು ಬೇಡ, ಬರೆದವರ ಮನೆಯವರು ಇರಬಹುದು. ಮೊದಲ ಮುದ್ರಣ, ಸಾವಿರ ಪ್ರತಿ. ಪ್ರೆಸ್ಸಿನ ಹೆಸರು ನೋಡಿದರೆ ಅಜ್ಜನ ಪ್ರೆಸ್ಸು! ಓದುತ್ತಾ ಹೋದೆ. ಒಂದು ಕಡೆ ನಾಯಕಿಯ ಗಂಡ ಊರು ಬಿಟ್ಟು ಹೋಗುತ್ತಾನೆ, ಅವಳು ಅತ್ತಳು ಅಂತಿದೆ. ಆದರೆ 'ಅತ್ತಳು' ಅನ್ನೋ ಪದ ಬೇರೆ ಕಾಗದದ್ದು, ಬೆರಳುಗುರಿನಷ್ಟು ಚೂರು. ಥಂಡಿಗೆ ಅಂಟು ಬಿಟ್ಟು ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಸ್ವಲ್ಪ ಎತ್ತಿದೆ. ಕೆಳಗೆ ಅಚ್ಚಾಗಿದ್ದದ್ದು 'ಸತ್ತಳು'.

ನಕ್ಕೂ ನಕ್ಕೂ ಸಾಕಾಯ್ತು. ಸತ್ತ ನಾಯಕಿ ಮುಂದಿನ ಅಧ್ಯಾಯದಲ್ಲಿ ಎದ್ದು ಚಹಾ ಮಾಡುತ್ತಾಳೆ. ಇಷ್ಟು ಒಳ್ಳೇ ತಪ್ಪು ನನಗೆ ಸಿಕ್ಕೇ ಇರಲಿಲ್ಲ. ಭಾನುವಾರವೇ ಪುಸ್ತಕ ತಗೊಂಡು ಹಳಿಯಾಳಕ್ಕೆ, ಅಜ್ಜಿ ಹತ್ತಿರ ಹೋದೆ. ಅಜ್ಜಿ ಈಗ ಚಿಕ್ಕಪ್ಪನ ಮನೆಯಲ್ಲಿದ್ದಾಳೆ, ಎಂಬತ್ತು ದಾಟಿದೆ, ಕಣ್ಣು ಚೆನ್ನಾಗಿದೆ. ಪುಟ ತೆಗೆದು ತೋರಿಸಿ, "ಇದು ಅಜ್ಜಂದ ಕೆಲಸ ಇರಬೇಕು ನೋಡು" ಅಂತ ನಕ್ಕೆ.

ಅಜ್ಜಿ ನಗಲಿಲ್ಲ. ಆ ಚೂರಿನ ಮೇಲೆ ಬೆರಳಾಡಿಸಿದಳು. "ಇದು ಎಲ್ಲಿ ಸಿಕ್ತೋ ತಮ್ಮಾ ನಿನಗ?" ಅಂದಳು.

ಆಮೇಲೆ ಹೇಳಿದಳು. ನಮ್ಮಪ್ಪನಿಗಿಂತ ಮೊದಲು ಒಬ್ಬಳು ಮಗಳಿದ್ದಳಂತೆ. ಒಂದೂವರೆ ವರ್ಷದವಳು. ಆ ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನದಲ್ಲಿ ಹೋದಳು. ಮಾಲಕರು ಪುಸ್ತಕ ಬೇಗ ಮುಗಿಯಬೇಕು ಅಂದದ್ದಕ್ಕೆ ಅಜ್ಜ ಐದನೇ ದಿನಕ್ಕೇ ಕೆಲಸಕ್ಕೆ ಹೋದ. ಪುಸ್ತಕ ಅಚ್ಚಾಗಿ ಬೈಂಡ್ ಆದಮೇಲೆ ಬರೆದವರು ಬಂದು ಪ್ರೆಸ್ಸಿನಲ್ಲಿ ಎಲ್ಲರೆದುರು ಕೂಗಾಡಿದರಂತೆ. ಮಾಲಕರು ಎರಡು ವಾರದ ಪಗಾರ ಹಿಡಿದರು. 'ಅತ್ತಳು' ಅನ್ನೋ ಪದವೊಂದನ್ನೇ ಸಾಲುಸಾಲಾಗಿ ಅಚ್ಚು ಹಾಕಿ ಅಜ್ಜನ ಕೈಗೆ ಕೊಟ್ಟರು. ಸಾವಿರ ಪುಸ್ತಕ ಮನೆಗೆ ಬಂತು. ಅಜ್ಜಿ ಮೈದಾ ಅಂಟು ಕುದಿಸಿ, ಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ ಕೊಟ್ಟಳು, ಅಜ್ಜ ಹಚ್ಚಿದ. ನಾಲ್ಕು ರಾತ್ರಿ.

"ಕತ್ತರಿಸೋ ಮುಂದ ನಾ ಅಳಲಿಲ್ಲ. ನಿಮ್ಮಜ್ಜ ಅತ್ತ" ಅಂದಳು.

"ತಪ್ಪು ಖಾನೆಯಲ್ಲಿ ಮೊಳೆ ಬಿದ್ದಿತ್ತಾ, ಅಥವಾ..." ಅಂತ ಕೇಳಹೋದೆ. "ಅದನ್ನ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ" ಅಂದಳು. ಮುಂದಿನ ವರ್ಷ ಅಜ್ಜ ದಾಂಡೇಲಿಗೆ ಬಂದ. ಮಗುವಿನ ಹೆಸರು ಕೇಳಿದೆ. ಹೇಳಿದಳು. ಅಪ್ಪನಿಗೂ ಆ ಹೆಸರು ಗೊತ್ತಿರಲಿಲ್ಲ, ಅವತ್ತು ರಾತ್ರಿ ಫೋನಿನಲ್ಲಿ ನಾನೇ ಹೇಳಿದ್ದು.

ನನ್ನ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಮುಂದೆ ತಪ್ಪಿನ ವಿವರ ಬರೆದಿಡುತ್ತೇನೆ. ಪುಟ, ಸಾಲು, ಯಾವ ತರದ ತಪ್ಪು. ಈ ಪುಸ್ತಕದ ಮುಂದಿನ ಜಾಗ ಇನ್ನೂ ಖಾಲಿಯೇ ಇದೆ.

ಹೊರಡುವಾಗ ಅಜ್ಜಿ ಪುಸ್ತಕ ಕೊಡಲಿಲ್ಲ. "ಚೀಟಿ ಬಿಟ್ಟೈತಿ, ಹಂಗ ಒಯ್ಯಬ್ಯಾಡ" ಅಂತ ಒಳಗೆ ಹೋಗಿ ಚಿಕ್ಕ ಪಾತ್ರೆಯಲ್ಲಿ ಒಂದು ಚಮಚ ಮೈದಾ ಕಲಸಿ ಒಲೆಯ ಮೇಲಿಟ್ಟಳು. "ಗಟ್ಟಿ ಆಗಬಾರದು, ಕಾಗದಾ ಸುಕ್ಕಾಗತದ" ಅಂತ ಹೇಳುತ್ತಾ ಕಡ್ಡಿಯ ತುದಿಯಲ್ಲಿ ಅಂಟು ತಗೊಂಡು, ಚೂರಿನ ಕೆಳಗೆ ಸವರಿ, ಸೆರಗಿನಿಂದ ಒತ್ತಿದಳು. ಪುಸ್ತಕ ಮುಚ್ಚಿ ಮೇಲೆ ಶೇಂಗಾದ ಡಬ್ಬಿ ಇಟ್ಟಳು. ಒಣಗಲಿಕ್ಕೆ ಒಂದು ತಾಸು ಬೇಕು ಅಂದಳು. ಕೊನೇ ಬಸ್ಸಿಗೆ ಇನ್ನೂ ಹೊತ್ತಿತ್ತು, ಕೂತೆ.